ಬಡಿವಾರಕ್ಕೆ ಗುಳಿಗೆಯಿಲ್ಲ

ಬಾದಾಮಿಯ ಗುಡ್ಡವನ್ನು ನಾನು ಒಮ್ಮೆ ಹೆಗಲು ಕೊಟ್ಟು ಮೂರು ಗೇಣು ಆಚೆ ಸರಿಸಿದ್ದೇನೆ. ನಂಬಿಕೆ ಬಾರದಿದ್ದರೆ ಹೋಗಿ ನೋಡಿ. ಮೇಲಿನ ಕೋಟೆಗೆ ಹತ್ತುವ ದಾರಿಯಲ್ಲಿ ಎರಡು ಬಂಡೆಗಳ ನಡುವೆ ಮನುಷ್ಯ ತೂರುವಷ್ಟು ಸಂದು ಈಗಲೂ ಇದೆ. ಮೊದಲು ಅಲ್ಲಿ ದಾರಿಯೇ ಇರಲಿಲ್ಲ. ಪ್ರವಾಸಿಗರು ಸುತ್ತು ಹಾಕಿ ದಣಿಯುತ್ತಿದ್ದರು. ಒಂದು ದಿನ ನೋಡಿ ನೋಡಿ ಬೇಜಾರಾಗಿ, ಅಂಗಿ ಬಿಚ್ಚಿಟ್ಟು ಸರಿಸಿಬಿಟ್ಟೆ. ಎಡಗಡೆಯ ಬಂಡೆಯ ಮೇಲೆ ನನ್ನ ಹೆಗಲಿನ ಗುರುತಿತ್ತು, ಮಳೆಗೆ ತುಸು ಅಳಿಸಿದೆ.

ಇಪ್ಪತ್ತಾರು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಮೊದಲೆಲ್ಲ ಹೇಳುವಾಗ ಎದೆ ಉಬ್ಬುತ್ತಿತ್ತು. ಈಗ ಮೊಣಕಾಲು ನೋಯುತ್ತದೆ. ಜನ ನಗುವ ಕಡೆ ನಗುತ್ತಾರೆ, ಫೋನಿನಲ್ಲಿ ಸಂದಿನ ಫೋಟೋ ತೆಗೆದುಕೊಳ್ಳುತ್ತಾರೆ, ನಾನು ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತೇನೆ.

ನಾನು ಚೊಳಚಗುಡ್ಡದ ಕನಕಪ್ಪ. ಬಾದಾಮಿಯ ಗುಹೆಗಳಲ್ಲಿ, ಒಮ್ಮೊಮ್ಮೆ ಐಹೊಳೆಯ ಗುಡಿಗಳಲ್ಲಿ ಗೈಡ್ ಕೆಲಸ ಮಾಡುತ್ತೇನೆ. ಈ ಕೆಲಸದಲ್ಲಿ ನಾನೇ ಕಂಡುಕೊಂಡ ನಿಯಮ ಒಂದೇ: ಕೇಳುವವರ ಕಣ್ಣು ನಿನ್ನ ಮುಖದಿಂದ ಸರಿಯಿತೋ, ಕಥೆಗೆ ಒಂದು ಆನೆ ಸೇರಿಸು. ಮೂರನೆಯ ಗುಹೆಯ ಹೊತ್ತಿಗೆ ನನ್ನ ಚಾಲುಕ್ಯರ ದಂಡಿನಲ್ಲಿ ಒಂದು ಲಕ್ಷ ಆನೆ ಕೂಡಿರುತ್ತವೆ. ನಾಲ್ಕನೆಯ ಗುಹೆಯಲ್ಲಿ ಅವು ನೀರು ಕುಡಿಯಲು ಬಂದು ಅಗಸ್ತ್ಯ ಹೊಂಡ ಬತ್ತಿಸುತ್ತವೆ. ಮನೆಯಲ್ಲೂ ಇದೇ ಚಾಳಿ. ನಮ್ಮವ್ವ ಹನಮವ್ವ ಬನಶಂಕರಿ ಗುಡಿಯ ಮುಂದೆ ಬುಟ್ಟಿಯಿಟ್ಟು ರೊಟ್ಟಿ ಮಾರುತ್ತಾಳೆ. ಆ ರೊಟ್ಟಿ ಎಷ್ಟು ತೆಳುವೆಂದರೆ ಅದನ್ನು ಕಣ್ಣಿಗೆ ಹಿಡಿದರೆ ಆಚೆ ಕೆರೂರಿನ ಬಸ್‌ಸ್ಟ್ಯಾಂಡ್ ಕಾಣುತ್ತದೆ ಎಂದು ಗಿರಾಕಿಗಳಿಗೆ ಹೇಳಿದವನೂ ನಾನೇ.

ನನ್ನ ತಮ್ಮ ನಿಂಗರಾಜ ಬೇರೆ ಮಣ್ಣಿನಿಂದ ಆದವನು. ನಾನು ಒಂದು ದಿನ ಆಡುವ ಮಾತು ಅವನಿಗೆ ಮೂರು ವರ್ಷಕ್ಕೆ ಸಾಕು. ಈ ಲೆಕ್ಕದಲ್ಲಿ ಬಡಿವಾರವಿಲ್ಲ, ಊರವರನ್ನು ಕೇಳಬಹುದು. ಅರವತ್ತು ಕುರಿ ಕಾಯುತ್ತಿದ್ದ, ಬಿಡುವಿದ್ದಾಗ ಮನೆಯ ಹಿಂದಿನ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ. ಅವನ ಕಂಬಳಿಯನ್ನು ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದರೆ ಕೊಡೆಯ ಹಾಗೆ ನಿಲ್ಲುತ್ತಿತ್ತು. ಹೊಗಳಿದರೆ ತಲೆ ಕೆಳಗೆ ಹಾಕಿ ಹಟ್ಟಿಗೆ ಹೋಗಿಬಿಡುತ್ತಿದ್ದ.

ಅಂಥವನು ವರ್ಷಕ್ಕೊಮ್ಮೆ ಮಾತ್ರ ಗಟ್ಟಿಯಾಗಿ ಮಾತಾಡುತ್ತಿದ್ದ. ದೀಪಾವಳಿ ಅಮಾವಾಸ್ಯೆಯ ದಿನ ನಮ್ಮ ಬೀರಪ್ಪನ ಗುಡಿಯಲ್ಲಿ ಅವನ ಹಣೆಗೆ ಭಂಡಾರ ಹಚ್ಚುತ್ತಾರೆ. ಅರಿಶಿನ ಹಣೆಗೆ ತಾಗಿದ್ದೇ ತಡ, ಅವನ ಬೆನ್ನು ನೆಟ್ಟಗಾಗುತ್ತದೆ, ದನಿ ಬದಲಾಗುತ್ತದೆ. "ಮುಗಿಲು ನನ್ನ ಕಂಬಳಿ, ಗುಡ್ಡ ನನ್ನ ಕುರಿಹಿಂಡು, ಹೊಳಿ ನನ್ನ ಹಗ್ಗ, ಈ ನಾಡೆಲ್ಲಾ ನನ್ನ ಹಟ್ಟಿ" ಎಂದು ನುಡಿಯುತ್ತಾನೆ. ಅದು ಬೀರಪ್ಪನ ಮಾತು, ನಿಂಗರಾಜನದಲ್ಲ. ನಮ್ಮ ಗುಡಿಗೆ ಒಂದು ಕಟ್ಟಳೆಯಿದೆ. ನುಡಿದವನು ಆಮೇಲೆ ಆ ನುಡಿಯನ್ನು ಬಿಡಿಸಿ ಹೇಳಬಾರದು, ಅಲ್ಲಗಳೆಯಲೂ ಬಾರದು. ಯಾರಾದರೂ ಕೇಳಿದರೆ "ನುಡಿದೇನಿ" ಎನ್ನಬೇಕು, ಅಷ್ಟೇ. ಹದಿನಾಲ್ಕು ವರ್ಷ ಅವನು ಈ ಕಟ್ಟಳೆ ಮೀರಿದವನಲ್ಲ.

ಹೋದ ಆಷಾಢದಲ್ಲಿ ನೀಲಿ ನಾಲಿಗೆ ರೋಗ ಬಂದು ಅರವತ್ತು ಕುರಿಗಳಲ್ಲಿ ನಲವತ್ತೆರಡು ಸತ್ತವು. ಚಹಾದಂಗಡಿಯಲ್ಲಿ ನಾನು ನಾನೂರಾ ಇಪ್ಪತ್ತು ಎಂದು ಹೇಳಿದ್ದೆ. ಆದರೆ ನಲವತ್ತೆರಡೇ ಸಾಕಾಯಿತು. ನಿಂಗರಾಜನಿಗೆ ನಿದ್ದೆ ಹೋಯಿತು. ಹಗಲಿಡೀ ಖಾಲಿ ಹಟ್ಟಿಯ ಬಾಗಿಲಲ್ಲಿ ಕೂತು, ಸತ್ತ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದ. ಕೆಂದಿ, ಬೋಳಿ, ಮುತ್ತಿ. ಹನ್ನೊಂದು ದಿನ ಹೀಗೇ ಕಳೆಯಿತು. ಹನ್ನೆರಡನೆಯ ದಿನ ಅವನ ಹೆಂಡತಿ ರಾಜಶ್ರೀ ನನ್ನ ಮುಂದೆ ಬಂದು ನಿಂತಳು.

"ಭಾವಾರ, ನೀವು ನಾಕ ಊರು ಕಂಡವರು. ಇವರನ್ನ ಬಾಗಲಕೋಟಿ ದವಾಖಾನಿಗಿ ಕರಕೊಂಡ ಹೋಗ್ರಿ. ಇವರಿಗಿ ಹೇಳಾಕ ಬರಾಂಗಿಲ್ಲ, ನೀವಾದ್ರ ಹೇಳ್ತೀರಿ."

ನೀವಾದ್ರ ಹೇಳ್ತೀರಿ. ಈ ಮಾತು ಈಗಲೂ ಕಿವಿಯಲ್ಲಿದೆ.

ದವಾಖಾನೆಯಲ್ಲಿ ನಮ್ಮ ಮುಂದೆ ಹುನಗುಂದದ ರಮಾಬಾಯಿ ಎಂಬಾಕೆ ಕೂತಿದ್ದಳು. ಅವಳ ಗಂಡನಿಗೆ ಮೊಬೈಲ್ ಟವರ್ ಹೆಸರು ಹಿಡಿದು ಕರೆಯುತ್ತದಂತೆ, ಬೈಯುತ್ತದಂತೆ, ಉಪವಾಸ ಮಾಡಲು ಹೇಳುತ್ತದಂತೆ. ಅವಳು ಒಳಗೆ ಹೋಗಿ ಹೇಳುವಾಗ ಬಾಗಿಲು ಅರ್ಧ ತೆರೆದಿತ್ತು, ಎಲ್ಲ ಕೇಳಿಸಿತು. ಡಾಕ್ಟರ್ ಎರಡು ಹಾಳೆ ಬರೆದರು. ನಡುವೆ ಪೆನ್ನು ಕೂಡ ಬದಲಿಸಿದರು.

ನಮ್ಮ ಪಾಳಿ ಬಂತು. ಡಾಕ್ಟರ್ ಮಲಿಕಾ ಇಳಕಲ್ಲಿನವರು, ಮೂವತ್ತರ ಆಸುಪಾಸು, ದನಿ ಮೆತ್ತಗೆ. ನಿಂಗರಾಜನ ಮುಖ ನೋಡಿ "ಏನಾಗೇತ್ರಿ?" ಎಂದರು. ಅವನು ನೆಲ ನೋಡಿದ. ನಾನು ಹೇಳಿದೆ: "ಕುರಿ ಸತ್ತಾವ್ರಿ. ನಿದ್ದಿ ಇಲ್ರಿ."

ಅವರು ಅರ್ಧ ಸಾಲು ಬರೆದರು. ಹೊರಗೆ ಇನ್ನೂ ಮೂವತ್ತು ಮಂದಿ ಕಾಯುತ್ತಿದ್ದರು. ಅವರ ಕಣ್ಣು ಗೋಡೆಯ ಗಡಿಯಾರಕ್ಕೆ ಸರಿಯಿತು.

ನಾನು ಆನೆ ಸೇರಿಸಿದೆ.

"ಅಷ್ಟ ಅಲ್ರಿ ಡಾಕ್ಟರ. ಇವಾ ತಾನು ದೊಡ್ಡ ರಾಜಾ ಅಂತಾನ್ರಿ. ಮುಗಿಲು ನನ್ನ ಕಂಬಳಿ ಅಂತಾನ. ಬಾದಾಮಿ ಗುಡ್ಡ ಎಲ್ಲಾ ನನ್ನ ಕುರಿ ಅಂತಾನ."

ಕಣ್ಣು ಗಡಿಯಾರದಿಂದ ತಿರುಗಿ ನನ್ನ ಮೇಲೆ ಬಂದು ನಿಂತಿತು. ಪೆನ್ನು ಓಡಿತು.

"ಎಷ್ಟ ದಿನದಿಂದ ಹಿಂಗ?"

"ದಿನಾ ಅಂತಾನ್ರಿ. ಮುಂಜಾನಿ ಎದ್ದಕೂಡ್ಲೇ ಸುರು. ಓಣಿ ಮಂದೆಲ್ಲಾ ಕೂಡಿ ಕೈ ಮುಗೀಬೇಕಂತ ಗದ್ಲಾ ಹಾಕ್ತಾನ."

ಡಾಕ್ಟರ್ ನಿಂಗರಾಜನ ಕಡೆ ಬಾಗಿದರು. "ಹೌದೇನ್ರಿ? ಮುಗಿಲು ನನ್ನ ಕಂಬಳಿ ಅಂದೀರಿ?"

ಹನ್ನೊಂದು ದಿನ ನಿದ್ದೆಯಿಲ್ಲದ ನನ್ನ ತಮ್ಮ ತಲೆಯೆತ್ತಿದ. ಮೊದಲು ನನ್ನನ್ನು ನೋಡಿದ, ಆಮೇಲೆ ಅವರನ್ನು. ಕಟ್ಟಳೆಯಂತೆ ಒಂದೇ ಮಾತು ಹೇಳಿದ.

"ನುಡಿದೇನ್ರಿ."

ಅವರು ಚೀಟಿ ಬರೆದು ಕೊಟ್ಟರು. ರೋಗಕ್ಕೆ ಹೆಸರೇನೆಂದು ಕೇಳಿದೆ. ಹೆಸರಿಲ್ಲದೆ ಊರಿಗೆ ಹೇಗೆ ಹೋಗಲಿ? ಅವರು ಚೀಟಿಯ ಮೂಲೆಯಲ್ಲಿ ಕನ್ನಡದಲ್ಲೇ ಬರೆದರು: ಮಹತ್ವಭ್ರಮೆ. "ಇಲ್ಲದ ದೊಡ್ಡತನಾ ತನಗ ಐತಿ ಅಂತ ಖರೇನ ನಂಬೂದು" ಎಂದರು.

"ಅಂದ್ರ ಬಡಿವಾರ ಅಂದಂಗ ಆತ್ರಿ?"

"ಅಲ್ರಿ. ಬಡಿವಾರ ಹೊಡಿಯಾಂವಗ ತಾ ಹೇಳೂದು ಸುಳ್ಳು ಅಂತ ಗೊತ್ತಿರತೈತಿ. ಇದ್ರಾಗ ಗೊತ್ತಿರೂದಿಲ್ಲ. ಅದಕ್ಕ ಇದಕ್ಕ ಗುಳಿಗಿ ಐತಿ. ಬಡಿವಾರಕ್ಕ ಇಲ್ಲ." ಸ್ವಲ್ಪ ನಕ್ಕು, "ನೀವು ಚಲೋತಂಗ ವಿವರಾಗಿ ಹೇಳ್ತೀರಿ, ಕನಕಪ್ಪಾರ. ಎಲ್ಲಾರೂ ಹಿಂಗ ಹೇಳಿದ್ರ ನಮಗ ಅನುಕೂಲ ಆಗತೈತಿ" ಎಂದರು.

ಆ ಹೊಗಳಿಕೆ ತಲೆಗೇರಿತು. ಕೆರೂರು ದಾಟುವ ಹೊತ್ತಿಗೆ ನಾನು ಮನೆಯಲ್ಲಿ ಹೇಳಲಿದ್ದ ಕಥೆಗೆ ಎಂಟು ಡಾಕ್ಟರರು ಸೇರಿದ್ದರು. ಮನೆ ಮುಟ್ಟುವಷ್ಟರಲ್ಲಿ ಅವರೆಲ್ಲ ಬೆಂಗಳೂರಿನಿಂದ ಯಂತ್ರ ತಂದು ನಿಂಗರಾಜನ ತಲೆಗೆ ಹಚ್ಚಿ ನೋಡಿದ್ದರು. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು.

"ಏನ ರೋಗಲೇ ಅದು?"

"ಮಹತ್ವಭ್ರಮೆ, ಯವ್ವಾ. ತಾನು ಭಾಳ ದೊಡ್ಡಾಂವ ಅಂತ ತಿಳಕೊಳ್ಳೂದು."

"ನಿಂಗ್ಯಾನಾ? ಅಂವಾ ಯಾವಾಗ ದೊಡ್ಡಸ್ತಿಕಿ ಮಾಡ್ಯಾನಲೇ? ಉಣ್ಣಾಕ ಇನ್ನೊಂದ ರೊಟ್ಟಿ ಹಾಕು ಅನ್ನಾಕ ನಾಚತಾನ."

"ಒಳಗ ಇರತೈತಿ ಯವ್ವಾ. ಯಂತ್ರಕ್ಕಷ್ಟ ಕಾಣತೈತಿ."

ಯಂತ್ರದ ಮಾತು ಕೇಳಿ ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ರಾಜಶ್ರೀ ಗುಳಿಗೆ ಎಣಿಸಿ ಕೊಟ್ಟಳು. ನಿಂಗರಾಜ ನೀರು ಕುಡಿದು ನುಂಗಿದ. ನಾಲ್ಕು ದಿನ ಚೆನ್ನಾಗಿ ಮಲಗಿದ, ನಾವೂ ಮಲಗಿದೆವು.

ಆ ಶಬ್ದ ಮಾತ್ರ ನನ್ನನ್ನು ಸುಮ್ಮನಿರಗೊಡಲಿಲ್ಲ. ಅಂಥ ಹೊಸ ಶಬ್ದ ನಮ್ಮ ಓಣಿಗೆ ಎಂದೂ ಬಂದಿರಲಿಲ್ಲ. ಹಾರ್ನ್ ಬಾರಿಸುತ್ತಲೇ ಇರುವ ಬಸ್ ಡ್ರೈವರಿಗೆ ಮಹತ್ವಭ್ರಮೆ. ಪಂಚಾಯತಿಗೆ ನಿಂತು ಹನ್ನೊಂದು ಓಟು ಪಡೆದು ಇನ್ನೂ ಬಿಳಿ ಅಂಗಿ ಬಿಡದ ದುಂಡೇಶನಿಗೆ ಮಹತ್ವಭ್ರಮೆ. ತಿಪ್ಪೆಯ ಮೇಲೆ ನಿಂತು ಕೂಗುವ ಹುಂಜಕ್ಕೂ ಅದೇ. ಚಹಾದಂಗಡಿಯ ಅರ್ಷದ್ ಒಂದು ದಿನ ಕಪ್ಪು ತೊಳೆಯುತ್ತ ಕೇಳಿದ: "ಕನಕಪ್ಪಾ, ಗುಡ್ಡಾ ಸರಿಸಿದಾಂವಗ ಏನಂತಾರಲೇ ಹಂಗಾರ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕೆ ಬೇರೆ ಶಬ್ದವಿದೆ, ಅದಕ್ಕೆ ಗುಳಿಗೆಯಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ತಿಂಗಳು ತುಂಬಿ ಮತ್ತೆ ಬಾಗಲಕೋಟೆಗೆ ಹೋದಾಗ ನಿಂಗರಾಜ ಸುಸ್ತಾಗಿದ್ದ, ಅಷ್ಟೇ. ಅಲ್ಲೇ ಎಲ್ಲ ಮುಗಿಸಬಹುದಿತ್ತು. ಈಗ ಆರಾಮ ಅದಾನ್ರಿ, ನಿದ್ದಿ ಮಾಡ್ತಾನ್ರಿ, ಸಾಕು. ಬಸ್ಸಿನಲ್ಲಿ ಆ ಮಾತನ್ನು ಬಾಯಲ್ಲಿ ಕೂಡಿಸಿಕೊಂಡೇ ಹೋಗಿದ್ದೆ. ಆದರೆ ಡಾಕ್ಟರ್ ನಮ್ಮನ್ನು ಕಂಡು "ಬರ್ರಿ ಕನಕಪ್ಪಾರ" ಎಂದು ಹೆಸರು ಹಿಡಿದು ಕರೆದರು. ಅಷ್ಟು ಮಂದಿಯ ನಡುವೆ ನನ್ನ ಹೆಸರು ನೆನಪಿಟ್ಟಿದ್ದರು. ಅಂಥವರ ಮುಂದೆ ಬರಿಗೈಯಲ್ಲಿ ಹೇಗೆ ಕೂರಲಿ?

"ಮುಗಲಿನ ಮಾತು ಇನ್ನೂ ಆಡ್ತಾರೇನ್ರಿ?"

"ಮುಗಲಷ್ಟ ಅಲ್ರಿ, ಈಗ ಮಲಪ್ರಭಾ ಹೊಳಿನೂ ಸೇರೇತಿ. ಹೊಳಿ ನನ್ನ ಹಗ್ಗ ಅಂತಾನ್ರಿ."

ಅವರು ನಿಂಗರಾಜನನ್ನು ಕೇಳಿದರು. ಅವನು "ನುಡಿದೇನ್ರಿ" ಎಂದ. ಗುಳಿಗೆಗೆ ನಾಲಿಗೆ ಆಗಲೇ ತುಸು ದಪ್ಪವಾಗಿತ್ತು. ಗುಳಿಗೆ ಒಂದಿದ್ದದ್ದು ಎರಡಾಯಿತು, ಜೊತೆಗೆ ಹೊಸದೊಂದು ಸೇರಿತು.

ಅಲ್ಲಿಂದ ಮುಂದಿನ ದಿನಗಳಿಗೆ ಯಾವ ಆನೆಯೂ ಬೇಕಿಲ್ಲ. ಅವನ ಕೈ ನಡುಗಲು ಹಿಡಿಯಿತು. ಮಗ್ಗದಲ್ಲಿ ಲಾಳಿ ಎಸೆದರೆ ಇತ್ತ ಕಡೆಗೇ ಬಿದ್ದುಬಿಡುತ್ತಿತ್ತು. ರಾಜಶ್ರೀ ಎತ್ತಿ ಕೊಡುತ್ತಿದ್ದಳು, ಮತ್ತೆ ಬೀಳುತ್ತಿತ್ತು. ಅರ್ಧ ನೇಯ್ದ ಕಂಬಳಿ ಅರ್ಧಕ್ಕೇ ನಿಂತಿತು. ಬಾಯಿಯ ಮೂಲೆಯಿಂದ ಜೊಲ್ಲು ಇಳಿದರೆ ಅವನಿಗೆ ತಿಳಿಯುತ್ತಿರಲಿಲ್ಲ, ಹೆಂಡತಿ ಸೆರಗಿನಿಂದ ಒರೆಸುತ್ತಿದ್ದಳು. ಉಳಿದ ಹದಿನೆಂಟು ಕುರಿಗಳನ್ನು ಅವನು ಕರೆಯುವ ಒಂದು ರೀತಿಯಿತ್ತು. ನಾಲಿಗೆಯನ್ನು ಅಂಗುಳಿಗೆ ಬಡಿದು, ಕೊನೆಗೆ ಸಣ್ಣಗೆ ಎಳೆದು ಕರೆಯುತ್ತಿದ್ದ. ಈಗ ಆ ದನಿ ಬರುತ್ತಿರಲಿಲ್ಲ. ಕುರಿಗಳು ಅವನ ಮುಂದೆಯೇ ಹಾದು ಬೇರೆಯವರ ಹೊಲಕ್ಕೆ ಹೋಗುತ್ತಿದ್ದವು, ಅವನು ನೋಡುತ್ತ ನಿಂತಿರುತ್ತಿದ್ದ.

ದೀಪಾವಳಿ ಅಮಾವಾಸ್ಯೆ ಬಂತು. ಮಧ್ಯಾಹ್ನ ಬೀರಪ್ಪನ ಗುಡಿಯ ಮುಂದೆ ಊರು ಕೂಡಿತು. ಹಿರಿಯ ದೇವಪ್ಪಜ್ಜ ನಿಂಗರಾಜನ ಹಣೆಗೆ ಭಂಡಾರ ಹಚ್ಚಿದ. ಡೊಳ್ಳು ನಿಂತಿತು. ಎಲ್ಲರೂ ಉಸಿರು ಹಿಡಿದು ಕಾದೆವು. ಅವನ ಬೆನ್ನು ಬಾಗಿದ್ದು ಬಾಗಿದಂತೆಯೇ ಇತ್ತು. ತುಟಿ ಒಮ್ಮೆ ಅಲುಗಿತು. ಅರಿಶಿನ ಬೆವರಿನೊಡನೆ ಇಳಿದು ಹುಬ್ಬಿಗೆ ಬಂತು. ನುಡಿ ಬರಲಿಲ್ಲ.

"ಎದ್ದು ಹೋದಾ ಬೀರಪ್ಪ," ದೇವಪ್ಪಜ್ಜ ಸಣ್ಣಗೆ ಅಂದ. "ಹದಿನಾಕ ವರ್ಷ ಇದ್ದ ಮನಿ ಬಿಟ್ಟ ಹೋದಾ."

ನಿಂಗರಾಜನಿಗೆ ಅದು ಕೇಳಿಸಿತು. ಅಷ್ಟು ಗುಳಿಗೆಗಳನ್ನೂ ದಾಟಿ ಅವನೊಳಗೆ ಹೋಗಿ ಮುಟ್ಟಿತು. ಹೇಗೆ ಗೊತ್ತೆಂದರೆ, ಅವನು ತನ್ನ ಕೈಯಿಂದಲೇ ಹಣೆಯ ಭಂಡಾರ ಒರೆಸಿಕೊಂಡ. ನಡುಗುವ ಕೈಗೆ ಹಣೆ ಸಿಗಲು ಮೂರು ಸಲ ಬೇಕಾಯಿತು.

ಆ ಸಂಜೆ ರಾಜಶ್ರೀ ನನ್ನ ಬಾಗಿಲಿಗೆ ಬಂದಳು. ಅತ್ತಿರಲಿಲ್ಲ. "ಈ ಸಲ ನಾನೂ ಬರ್ತೇನಿ" ಎಂದಳು.

"ನಿನಗ್ಯಾಕವ್ವಾ ತ್ರಾಸ? ನಾ ಹೋಗ್ತೇನಲ್ಲ."

"ನೀವು ಹೋಗಿದ್ದ ಎರಡ ಸಲಾ ಸಾಕ್ರಿ ಭಾವಾರ."

ಬಸ್ಸಿನಲ್ಲಿ ಅವಳು ಗಂಡನನ್ನು ಕಿಟಕಿಯ ಕಡೆ ಕೂರಿಸಿಕೊಂಡು ಅವನ ಕೈ ಹಿಡಿದಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಾದಾಮಿಯಿಂದ ಕೆರೂರಿನವರೆಗೆ ನಾನು ಯಾರೊಡನೆಯೂ ಮಾತಾಡಲಿಲ್ಲ. ಅಂಥದ್ದು ನನ್ನ ಜೀವಮಾನದಲ್ಲಿ ಮೊದಲ ಸಲ.

ಡಾಕ್ಟರ್ ಮಲಿಕಾ ನಿಂಗರಾಜ ಒಳಗೆ ಬರುವ ನಡಿಗೆ ನೋಡಿಯೇ ಪೆನ್ನು ಕೆಳಗಿಟ್ಟರು. ಕೈ ಚಾಚಲು ಹೇಳಿದರು, ಮೊಣಕೈ ಮಡಚಿ ಬಿಚ್ಚಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ರಾಜಶ್ರೀಯನ್ನು ಕೇಳಿದರು.

"ಮನ್ಯಾಗ ತಾನು ರಾಜಾ ಅಂತ ಯಾವಾಗ ಅಂತಾರ್ರಿ? ಮುಂಜಾನೇನ?"

"ಯಾರ್ರಿ ರಾಜಾ?"

"ನಿಮ್ಮ ಯಜಮಾನ್ರು. ಮುಗಿಲು ನನ್ನ ಕಂಬಳಿ ಅಂತ ದಿನಾ ಅಂತಾರಲ್ಲಾ."

ರಾಜಶ್ರೀಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವಳ ಮುಖ ನಿಧಾನಕ್ಕೆ ನನ್ನ ಕಡೆ ತಿರುಗಿತು. ನಾನು ಗೋಡೆಯ ಗಡಿಯಾರ ನೋಡಿದೆ.

"ಅದು ಗುಡ್ಯಾಗಿನ ನುಡಿರಿ ಅಕ್ಕಾರ," ಅಂದಳು. "ವರ್ಷಕ್ಕೊಮ್ಮೆ, ಭಂಡಾರ ಹಚ್ಚಿದಾಗ. ಇವರು ಆಡೂದಲ್ಲ ಅದು, ದೇವರು ಆಡೂದು. ಕೇಳಿದ್ರ ಇಲ್ಲ ಅನ್ನಂಗಿಲ್ರಿ ಅವರು, ಕಟ್ಟಳಿ ಐತಿ. ಮನ್ಯಾಗ ಇವರು ನಾಕ ಮಾತ ಆಡಿದ್ರ ಹಬ್ಬರಿ ನನಗ. ಕುರಿ ಸತ್ತಾವಂತ ನಿದ್ದಿ ಹೋಗಿತ್ತು. ಅಷ್ಟ ಆಗಿತ್ರಿ ಇವರಿಗಿ."

ಡಾಕ್ಟರ್ ಹಳೆಯ ಚೀಟಿಗಳನ್ನು ತೆಗೆದು ಒಂದೊಂದಾಗಿ ಓದಿದರು. ತಮ್ಮ ಕೈಬರಹದಲ್ಲಿದ್ದ ನನ್ನ ಆನೆಗಳನ್ನು ಓದಿದರು.

"ಮನಿಯವರನ್ನ ನಾನೂ ಮೊದಲ ಕರೆಸಿ ಕೇಳಬೇಕಿತ್ತು. ಅದು ನನ್ನ ತಪ್ಪು," ಎಂದರು. ಆಮೇಲೆ ನನ್ನ ಕಡೆ ನೋಡಿದರು. "ಕನಕಪ್ಪಾರ, ಇದು ಗುಡಿ ನುಡಿ ಅಂತ ನಿಮಗ ಗೊತ್ತಿತ್ತೇನು?"

ಇನ್ನೂ ಒಂದು ದಾರಿಯಿತ್ತು. ನನ್ನಂಥವನಿಗೆ ಯಾವಾಗಲೂ ಇನ್ನೂ ಒಂದು ದಾರಿ ಕಾಣುತ್ತದೆ. ಕುರ್ಚಿಯಿಂದ ಎದ್ದು ಕೈ ಮುಗಿದೆ, ದನಿ ನಡುಗಿಸಿದೆ. "ಡಾಕ್ಟರ, ರೋಗ ಅವಗ ಅಲ್ರಿ, ನನಗ ಐತಿ. ಆ ಶಬ್ದ ನನ್ನ ಹೆಸರಿಲೆ ಬರೀರಿ. ಮಹತ್ವಭ್ರಮೆ ನನಗ ಆಗೇತಿ. ಅವನ ಗುಳಿಗಿ ಎಲ್ಲಾ ನನಗ ಕೊಡ್ರಿ, ಒಮ್ಮೆಲೇ ನುಂಗತೇನಿ."

ಅವರು ತಲೆ ಅಲ್ಲಾಡಿಸಿದರು. ಸಿಟ್ಟಿರಲಿಲ್ಲ, ದಣಿವಿತ್ತು.

"ಆ ಶಬ್ದ ನಿಮಗ ಹತ್ತೂದಿಲ್ರಿ. ನಿಮಗ ಗೊತ್ತಿತ್ತು. ಕೂಡ್ರಿ. ಕೂತು, ಆದದ್ದಷ್ಟ ಹೇಳ್ರಿ. ನಾ ಬರಕೊಳ್ತೇನಿ."

ಕೂತೆ. ಇಪ್ಪತ್ತಾರು ವರ್ಷ ಗುಹೆಯ ಗೋಡೆಗಳು ಮರುನುಡಿಯುವಂತೆ ಮಾತಾಡಿದವನಿಗೆ ನಾಲಿಗೆ ಎತ್ತಲಾಗಲಿಲ್ಲ. ಪಕ್ಕದಲ್ಲಿ ನಿಂಗರಾಜ ನಡುಗುವ ಎರಡೂ ಕೈಗಳನ್ನು ತೊಡೆಯ ನಡುವೆ ಒತ್ತಿ ಹಿಡಿದು ಕೂತಿದ್ದ. ಅವನು ನನ್ನನ್ನು ನೋಡುತ್ತಿದ್ದ. ನನಗೆ ಹೇಳಲು ಆಗುತ್ತಿಲ್ಲವೆಂದು ಅವನಿಗೆ ಗೊತ್ತಾಗಿರಬೇಕು.

"ಹೇಳಣ್ಣಾ," ಅಂದ, ದಪ್ಪ ನಾಲಿಗೆಯಲ್ಲಿ.

ಹೇಳಿದೆ.

"ಕುರಿ ಸತ್ತಾವ್ರಿ, ನಲವತ್ತೆರಡು. ಹನ್ನೊಂದ ದಿನಾ ನಿದ್ದಿ ಮಾಡಿಲ್ಲ. ಸತ್ತ ಕುರಿ ಹೆಸರ ಹಿಡಿದ ಕರೀತಿದ್ದಾ. ಮತ್ತೇನೂ ಇಲ್ರಿ. ರಾಜಾ ಅಂದಿಲ್ಲ. ಓಣ್ಯಾಗ ಗದ್ಲಾ ಹಾಕಿಲ್ಲ. ನುಡಿ ವರ್ಷಕ್ಕೊಮ್ಮೆ ಗುಡ್ಯಾಗ ಅಷ್ಟ. ನೀವು ಗಡಿಯಾರ ನೋಡಿದ್ರಿ, ಅದಕ್ಕ ಹೇಳಿದ್ನಿ. ಎರಡನೇ ಸಲಾ ನೀವು ನನ್ನ ಹೆಸರು ನೆನಪಿಟ್ಟಿದ್ರಿ, ಅದಕ್ಕ ಹೇಳಿದ್ನಿ."

ಅವರು ಬರೆದುಕೊಂಡರು. ನನ್ನ ಮಾತೆಲ್ಲ ಎರಡು ಸಾಲಿನಲ್ಲಿ ಮುಗಿದುಹೋಯಿತು. ಗುಳಿಗೆ ಒಮ್ಮೆಲೇ ಬಿಡಬಾರದು, ವಾರ ವಾರ ಇಳಿಸುತ್ತ ಬರಬೇಕು, ನಡುಕ ಕಡಿಮೆಯಾಗಲು ಎರಡು ಮೂರು ತಿಂಗಳು ಹಿಡಿಯಬಹುದು ಎಂದರು. ಇದನ್ನೆಲ್ಲ ರಾಜಶ್ರೀಗೆ ಹೇಳಿದರು, ಚೀಟಿಯನ್ನೂ ಅವಳ ಕೈಗೇ ಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ನಿಂಗರಾಜನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಹಿಂದಿನಿಂದ ಅವನ ಸೊಂಟಕ್ಕೆ ಹೆಗಲು ಕೊಟ್ಟು ಎತ್ತಲು ನೋಡಿದೆ. ನನ್ನಿಂದ ಆಗಲಿಲ್ಲ. ಕಂಡಕ್ಟರ್ ಇಳಿದು ಬಂದು ಕೈ ಹಚ್ಚಿದ ಮೇಲೆ ಇಬ್ಬರೂ ಕೂಡಿ ಹತ್ತಿಸಿದೆವು.

ನಾನು ಗುಡ್ಡ ಸರಿಸಿಲ್ಲ. ಆ ಸಂದು ಮೊದಲಿನಿಂದಲೂ ಅಲ್ಲೇ ಇದೆ.